ಬೀಡಿ ಕಟ್ಟಿದವರೇ ಮಾಲೀಕರಾದಾಗ

1968ರಲ್ಲಿ ಮಂಗಳೂರು ಗಣೇಶ ಬೀಡಿ ಕಂಪನಿ ಕಣ್ಣೂರು ಭಾಗದಲ್ಲಿ ಕೆಲಸ ನಿಲ್ಲಿಸಿತು. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಅವಧಿ ಮುಂತಾದವನ್ನು ಖಾತ್ರಿಪಡಿಸುವ 1966ರ ಕಾಯಿದೆಯನ್ನು ಕೇರಳ ಸರ್ಕಾರ ಜಾರಿಗೆ ತಂದದ್ದೇ ಇದಕ್ಕೆ ಕಾರಣ. ಸುಮಾರು 12,000 ಮಂದಿಯ ಕತ್ತರಿಗಳು ಸುಮ್ಮನಾದವು. ಮರುವರ್ಷ ಅವರನ್ನೇ ಸದಸ್ಯರನ್ನಾಗಿಸಿಕೊಂಡು ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು.

ಅದಕ್ಕೂ ಹನ್ನೊಂದು ವರ್ಷ ಮೊದಲು ಬೆಂಗಳೂರಿನಲ್ಲೂ ಇಂಥದ್ದೇ ನಡೆದಿತ್ತು. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳಿಗೆ ಬೀಗ ಹಾಕತೊಡಗಿದಾಗ, ಕಣ್ಣೂರು ಸೀಮೆಯವರೇ ಆದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನೌಕರರನ್ನು ಒಗ್ಗೂಡಿಸಿದರು. ಅವರ ಮೊದಲ ಸಹಕಾರ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಇಂಡಿಯನ್ ಕಾಫಿ ಹೌಸ್‌ನಲ್ಲಿ ಪೇಟ ತೊಟ್ಟು ಕಾಫಿ ತಂದಿಡುವ ಮಾಣಿಯನ್ನು ಮಾಲೀಕನೆಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿಯೋ!

ಎರಡೂ ಕಡೆ ಮೊದಲ ಚಿಂತೆ ಮನೆಯ ಒಲೆಯದು. ಮಾಲೀಕತ್ವದಿಂದ ಕೆಲಸದ ಹುರುಪು ಹೆಚ್ಚುತ್ತದೆಯೇ ಎಂಬುದು ಆಮೇಲಿನವರ ಪ್ರಶ್ನೆ.

ಲೆಕ್ಕ ಹಾಕಿದರೆ ಉತ್ತರ ನಿರಾಶೆಯದೇ. ನೂರು ಜನರ ಸಂಸ್ಥೆಯಲ್ಲಿ ನಾನೊಬ್ಬ ಬೆವರು ಸುರಿಸಿ ನೂರು ರೂಪಾಯಿ ಹೆಚ್ಚು ಗಳಿಸಿಕೊಟ್ಟರೆ ನನ್ನ ಪಾಲಿಗೆ ಬರುವುದು ಒಂದೇ ರೂಪಾಯಿ. ಬೀಡಿ ಕಟ್ಟುವವರಿಗಂತೂ ಕಟ್ಟಿದಷ್ಟೇ ಕೂಲಿ. ಕೈ ಚುರುಕಾಗಲು ಷೇರು ಬೇಕಿರಲಿಲ್ಲ. ಆದರೆ ಈ ಲೆಕ್ಕಕ್ಕೆ ಪಕ್ಕದಲ್ಲಿ ಕುಳಿತವನ ಕಣ್ಣು ಕಾಣುವುದಿಲ್ಲ. ಲಾಭದಲ್ಲಿ ಪಾಲಿರುವ ಕಡೆ ಮೈಗಳ್ಳ ಸಹೋದ್ಯೋಗಿಯನ್ನು ಜೊತೆಯವರೇ ಎಚ್ಚರಿಸುವುದು ಹೆಚ್ಚು ಎಂದು ಅಮೆರಿಕದ ಕ್ರೂಸ್, ಬ್ಲಾಸಿ, ಫ್ರೀಮನ್ ಅವರ ಅಧ್ಯಯನಗಳು ಕಂಡುಕೊಂಡಿವೆ.

ಕರ್ನಾಟಕದಲ್ಲಿ ‘ನೌಕರರಿಗೆ ಷೇರು’ ಎಂದೊಡನೆ ನೆನಪಾಗುವುದು 1990ರ ದಶಕದ ಇನ್ಫೊಸಿಸ್. ಅದು ಬೇರೆಯೇ ಬಗೆ. ಐಟಿ ಕಂಪನಿಗಳ ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಇಂತಿಷ್ಟು ವರ್ಷ ಉಳಿದವರಿಗಷ್ಟೇ ಷೇರು ದಕ್ಕುತ್ತದೆ. ನನ್ನ ಮಟ್ಟಿಗೆ ಅದು ಹುರುಪಿನ ಮದ್ದಲ್ಲ, ಬಿಟ್ಟುಹೋಗದಂತೆ ಹಚ್ಚುವ ಅಂಟು.

ಷೇರು ಕೊಟ್ಟು ಮಾತು ಕೇಳದಿದ್ದರೆ ಏನಾಗುತ್ತದೆಂದು ನೋಡಬೇಕಾದರೆ ಅಮೆರಿಕದ ವಿಮಾನ ಕಂಪನಿ ಯುನೈಟೆಡ್ ಏರ್‌ಲೈನ್ಸ್ ಇದೆ. 1994ರಲ್ಲಿ ಅಲ್ಲಿನ ಪೈಲಟ್‌ಗಳು, ಮೆಕ್ಯಾನಿಕ್‌ಗಳು ಮತ್ತಿತರ ನೌಕರರು ಸಂಬಳ ಕಡಿತಕ್ಕೆ ಒಪ್ಪಿ ಕಂಪನಿಯ ಶೇ 55ರಷ್ಟು ಪಾಲು ಪಡೆದರು. ಗಗನಸಖಿಯರ ಸಂಘ ದೂರವೇ ಉಳಿಯಿತು. ಕಾಗದದ ಮೇಲೆ ಮಾಲೀಕರು. ದಿನದ ಕೆಲಸದಲ್ಲಿ ಹಳೆಯ ಅಧಿಕಾರಿ, ಹಳೆಯ ಜಗಳ. 2000ದ ಬೇಸಿಗೆಯಲ್ಲಿ ಹೊಸ ವೇತನ ಒಪ್ಪಂದದ ಜಟಾಪಟಿಯಲ್ಲಿ ಪೈಲಟ್‌ಗಳು ಓವರ್‌ಟೈಮ್ ನಿರಾಕರಿಸಿದರು, ಸಾವಿರಾರು ವಿಮಾನಗಳು ರದ್ದಾದವು. ಸೆಪ್ಟೆಂಬರ್ 11ರ ದಾಳಿಯ ಹೊಡೆತವೂ ಸೇರಿ, 2002ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಕಣ್ಣೂರಿನಲ್ಲಿ ಕಾರ್ಮಿಕರಿಗೆ ಸಿಕ್ಕಿದ್ದು ಪಾಲಷ್ಟೇ ಅಲ್ಲ. ಘಟಕದ ಸಮಿತಿಯನ್ನು ಅವರೇ ಆರಿಸುತ್ತಿದ್ದರು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಬೀಡಿ ಕಟ್ಟುವುದು ಅಲ್ಲಿನ ಬೀಡಿ ಕಾರ್ಮಿಕರ ಹಳೆಯ ರೂಢಿ. ಅದಕ್ಕೆ ಅಡ್ಡಿ ಹೇಳುವ ಗುತ್ತಿಗೆದಾರ ಈಗ ಇರಲಿಲ್ಲ.

ಆದರೆ ಕಟ್ಟುವವರು ಮಾಲೀಕರಾದರೆಂದು ಸೇದುವವರು ಹೆಚ್ಚುವುದಿಲ್ಲವಲ್ಲ. ಬೀಡಿಯ ಬೇಡಿಕೆ ಇಳಿಯುತ್ತ ಹೋದಂತೆ, 1990ರ ದಶಕದ ಕೊನೆಯ ವೇಳೆಗೆ ಸಂಘ ಬೇರೆ ಕಸುಬುಗಳತ್ತ ಹೊರಳಿತು. ದಿನೇಶ್ ಎಂಬ ಹೆಸರು ಈಗ ಸಂಬಾರ ಪುಡಿಯ ಪೊಟ್ಟಣದ ಮೇಲೂ ಕೊಡೆಯ ಮೇಲೂ ಇದೆ.