ಅಳತೆ ಬಾಕ್ಸ್‌ನಲ್ಲಿ ಲೆಕ್ಕದ ಶಂಟಿಂಗ್

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಮಾಡುವವರ ಪಕ್ಕ ಕೂತರೆ ಕೀಬೋರ್ಡ್ ಜೊತೆ ಒಂದು ಕ್ಯಾಲ್ಕುಲೇಟರೂ ಕಾಣುತ್ತದೆ. ಎ4 ಹಾಳೆಯ ಅಗಲ 210 ಮಿ.ಮೀ. ಎರಡೂ ಬದಿ 15 ಬಿಟ್ಟರೆ ಉಳಿಯುವುದೆಷ್ಟು? ಇಷ್ಟಕ್ಕೆ ಕ್ಯಾಲ್ಕುಲೇಟರ್ ಬೇಕಿಲ್ಲ. ಇಂಕ್‌ಸ್ಕೇಪ್, ಗಿಂಪ್ ಎಂಬ ಚಿತ್ರ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಅಳತೆಯ ಬಾಕ್ಸ್‌ಗೇ 210-2*15 ಎಂದು ಹೊಡೆದು ಎಂಟರ್ ಒತ್ತಿದರೆ 180 ಬರುತ್ತದೆ. ಅಗ್ಗದ ಕ್ಯಾಲ್ಕುಲೇಟರ್‌ನಲ್ಲಿ ಅದನ್ನೇ ಒತ್ತಿ ನೋಡಿ, 3120! ಅದು ಮೊದಲು 2 ಕಳೆದು, ಆಮೇಲೆ 15ರಿಂದ ಗುಣಿಸಿಬಿಡುತ್ತದೆ.

‘ಕಂಪ್ಯೂಟರ್‌ಗೆ ಗಣಿತ ಗೊತ್ತಲ್ವಾ’ ಅನ್ನುವವರಿದ್ದಾರೆ. ಏನೂ ಗೊತ್ತಿಲ್ಲ. ಅದಕ್ಕೆ ಸಿಗುವುದು ಬರೀ ಅಕ್ಷರಗಳ ಸಾಲು. ಗುಣಾಕಾರ ಮೊದಲು ಎಂದು ಯಾರಾದರೂ ಹೇಳಿಕೊಡಬೇಕು. 1961ರಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರ ಇದಕ್ಕೊಂದು ದಾರಿ ಬರೆದಿಟ್ಟರು. ಅದರ ಹೆಸರೇ ಶಂಟಿಂಗ್ ಯಾರ್ಡ್. ತಾಳಗುಪ್ಪದಲ್ಲಿ ಹಳಿ ಮುಗಿದ ಮೇಲೆ ಎಂಜಿನ್ನು ಕಳಚಿ, ಪಕ್ಕದ ಹಳಿಯಲ್ಲಿ ಹಾದು, ಇನ್ನೊಂದು ತುದಿಗೆ ಸೇರುತ್ತದಲ್ಲ, ಅದೇ ಆಟ.

ಅಂಕಿಗಳು ನೇರ ಮುಂದಕ್ಕೆ ಹೋಗುತ್ತವೆ. ಚಿಹ್ನೆಗಳಿಗೆ ಪಕ್ಕದ ಹಳಿ. 210 ಹೋಯಿತು, ಮೈನಸ್ ಪಕ್ಕಕ್ಕೆ ನಿಂತಿತು. 2 ಹೋಯಿತು. ಗುಣಾಕಾರ ಬಂತು. ಅದು ಮೈನಸ್‌ಗಿಂತ ಜಾಸ್ತಿ ತೂಕದ್ದು, ಅದರ ಮುಂದೆ ನಿಂತಿತು. 15 ಹೋಯಿತು. ಕೊನೆಗೆ ಮುಂದಿರುವ ಗುಣಾಕಾರ ಮೊದಲು, ಮೈನಸ್ ಆಮೇಲೆ. ಸಾಲು ಹೀಗಾಯಿತು: 210 2 15 * -. ಈಗ ಎಡದಿಂದ ಓದಿದರೆ ಸಾಕು. ಗುಣಾಕಾರ ಸಿಕ್ಕಾಗ ಅದರ ಹಿಂದಿನ ಎರಡು ಅಂಕಿ ತೆಗೆದು 30 ಇಡಿ. ಮೈನಸ್ ಸಿಕ್ಕಾಗ 210ರಲ್ಲಿ 30 ಕಳೆಯಿರಿ. ಆವರಣವಿದ್ದರೆ ‘(’ ಕೂಡ ಪಕ್ಕದ ಹಳಿಗೆ. ‘)’ ಬಂದಾಗ ಅಲ್ಲಿಯವರೆಗಿನದೆಲ್ಲ ಖಾಲಿ.

ಚಿಹ್ನೆಯನ್ನು ಕೊನೆಗೆ ಬರೆಯುವ ಈ ಪದ್ಧತಿಯ ಮೂಲ 1920ರ ದಶಕದ ಪೋಲೆಂಡ್. ತರ್ಕಶಾಸ್ತ್ರಜ್ಞ ವುಕಸೇವಿಚ್ ಚಿಹ್ನೆಯನ್ನು ಮುಂದೆ ಬರೆದು ಆವರಣಗಳನ್ನೇ ಕೈಬಿಟ್ಟಿದ್ದರು. ಅದನ್ನು ತಿರುಗಿಸಿ ಹಾಕಿದ್ದು ಇದು. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್ ನಡೆದಿದ್ದೂ ಹೀಗೆಯೇ.

ಇಂಥ ಸಾಫ್ಟ್‌ವೇರ್‌ಗಳಿಗೆ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಬರೆಯುವ ಸೋಮಾರಿಗಳು ಇಷ್ಟೂ ಬಿಟ್ಟು, ಟೈಪ್ ಮಾಡಿದ್ದನ್ನು ಹಾಗೇ ಇವ್ಯಾಲ್‌ಗೆ, ಅಂದರೆ ಕೊಟ್ಟ ಸಾಲನ್ನು ಪ್ರೋಗ್ರಾಮ್ ಎಂದೇ ನಡೆಸಿಬಿಡುವ ಆದೇಶಕ್ಕೆ, ಕೊಡುತ್ತಾರೆ. ಇವ್ಯಾಲ್‌ಗೆ ಲೆಕ್ಕವೂ ಒಂದೇ, ಫೈಲ್ ಅಳಿಸುವ ಆದೇಶವೂ ಒಂದೇ. ಬೇರೆಯವರು ಕಳಿಸಿದ ಫೈಲ್‌ನೊಳಗೆ ಅಂಥ ಸಾಲಿದ್ದರೆ ಮುಗಿಯಿತು.

ಋಣ ಚಿಹ್ನೆಯದ್ದು ಇನ್ನೊಂದು ತಕರಾರು. -2^2 (2ರ ವರ್ಗ, ಮುಂದೆ ಋಣ ಚಿಹ್ನೆ) ಎಂದರೆ ಎಕ್ಸೆಲ್‌ನಲ್ಲಿ 4. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದನ್ನೇ -2**2 ಎಂದು ಬರೆದರೆ -4. ಇನ್ನು ಕನ್ನಡ ಅಂಕಿಯಲ್ಲಿ ೨೧೦ ಎಂದು ಹೊಡೆದರೆ? ಪೈಥಾನ್‌ನ ಇಂಟ್ (ಅಕ್ಷರಗಳನ್ನು ಸಂಖ್ಯೆ ಮಾಡುವ ಆದೇಶ) ಅದನ್ನು 210 ಎಂದೇ ಓದುತ್ತದೆ. ಇನ್ನೊಂದು ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಕೆಲಸದ ನಂಬರ್ ಮಾತ್ರ ‘ಇದು ಸಂಖ್ಯೆಯೇ ಅಲ್ಲ’ ಅನ್ನುತ್ತದೆ.