ಎಸ್ಟೋನಿಯನ್‌ನಲ್ಲಿ ಮೂರು ಉದ್ದ, ಗ್ರೀಕ್‌ನಲ್ಲಿ ಒಂದೂ ಇಲ್ಲ

ಹ್ರಸ್ವ, ದೀರ್ಘ ಅಂದರೆ ಏನು ಅಂತ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಕಡು ಬೇರೆ, ಕಾಡು ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಒಂದು ಸದ್ದನ್ನು ಎಷ್ಟು ಹೊತ್ತು ಹಿಡಿದಿಡುತ್ತೇವೆ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಯುರೋಪಿನ ಎರಡು ಭಾಷೆಗಳು ಈ ವಿಷಯದಲ್ಲಿ ತೀರಾ ಬೇರೆ ಬೇರೆ ದಾರಿ ಹಿಡಿದಿವೆ. ಒಂದು, ಸುಮಾರು 11 ಲಕ್ಷ ಜನ ಆಡುವ ಎಸ್ಟೋನಿಯನ್. ಇನ್ನೊಂದು, ಒಂದು ಕೋಟಿಗೂ ಜಾಸ್ತಿ ಜನ ಆಡುವ ಗ್ರೀಕ್. ಎರಡಕ್ಕೂ ನಂಟಿಲ್ಲ. ಎಸ್ಟೋನಿಯನ್ ಫಿನ್ನಿಶ್‌ನ ಹತ್ತಿರದ ಬಳಗದ್ದು. ಗ್ರೀಕ್ ಇಂಡೋ-ಯುರೋಪಿಯನ್ ಕುಟುಂಬದ್ದು, ಹಾಗಾಗಿ ಸಂಸ್ಕೃತಕ್ಕೆ ದೂರದ ಸಂಬಂಧಿ.

ಎಸ್ಟೋನಿಯನ್‌ಗೆ ಎರಡು ಅಳತೆ ಸಾಲುವುದಿಲ್ಲ. ಅಲ್ಲಿ ಮೂರಿವೆ. 'ಲಿನ' ಅಂದರೆ ನಾರಗಸೆ. 'ಲಿನ್ನ' ಅಂದರೆ ಪಟ್ಟಣದ. ಅದೇ ನಕಾರವನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದರೆ ಪಟ್ಟಣಕ್ಕೆ. ಈ ಮೂರನೆಯದನ್ನು ಕನ್ನಡ ಲಿಪಿಯಲ್ಲಿ ಬರೆಯಲು ದಾರಿಯೇ ಇಲ್ಲ. ಅಂದರೆ ನಾವು ಷಷ್ಠಿ, ಚತುರ್ಥಿ ಅಂತ ಪ್ರತ್ಯಯ ಹಚ್ಚಿ ಹೇಳುವುದನ್ನು ಅವರು ಇಲ್ಲಿ ಬರೀ ಉದ್ದದಿಂದ ಹೇಳುತ್ತಾರೆ!

ಇದನ್ನು ಯಂತ್ರದಲ್ಲಿ ಅಳೆದು ತೋರಿಸಿದವರಲ್ಲಿ ಮುಖ್ಯರು ಇಲ್ಸೆ ಲೆಹಿಸ್ಟೆ. ಎಸ್ಟೋನಿಯಾದ ಟಾಲಿನ್‌ನಲ್ಲಿ 1922ರಲ್ಲಿ ಹುಟ್ಟಿ, ಮುಂದೆ ಅಮೆರಿಕದ ಓಹಾಯೋದಲ್ಲಿ ಪಾಠ ಮಾಡಿದ ಭಾಷಾವಿಜ್ಞಾನಿ. ಅವರು ಕಂಡುಕೊಂಡಿದ್ದು ಸೊಗಸಾಗಿದೆ. ಗುಟ್ಟು ಒಂದು ಸದ್ದಿನ ಉದ್ದದಲ್ಲಿ ಮಾತ್ರ ಇಲ್ಲ, ಪದದ ಮೊದಲ ಎರಡು ಅಕ್ಷರಗಳ ಹಂಚಿಕೆಯಲ್ಲಿದೆ. ಮೊದಲ ಉದ್ದದಲ್ಲಿ ಮೊದಲ ಅಕ್ಷರಕ್ಕೆ ಎರಡು ಪಾಲು ಸಮಯ ಹೋದರೆ ಎರಡನೆಯದಕ್ಕೆ ಮೂರು. ಎರಡನೇ ಉದ್ದದಲ್ಲಿ ಅದು ತಿರುಗಿ ಮೂರಕ್ಕೆ ಎರಡು. ಮೂರನೆಯದರಲ್ಲಿ ಎರಡಕ್ಕೆ ಒಂದು. ಮುಂದಿನ ಅಕ್ಷರ ಕುಗ್ಗಿದಷ್ಟೂ ಹಿಂದಿನದು ಹಿಗ್ಗುತ್ತದೆ. ಜೊತೆಗೆ ದನಿಯ ಏರಿಳಿತವೂ ನೆರವಾಗುತ್ತದೆ: ಮೂರನೇ ಉದ್ದದಲ್ಲಿ ದನಿ ಬೇಗ ಇಳಿಯುತ್ತದೆ, ಎರಡನೆಯದರಲ್ಲಿ ತಡವಾಗಿ.

ಈ ಮೂರನೇ ಉದ್ದ ಎಲ್ಲಿಂದ ಬಂತು? ಪದದ ಬಾಲ ಸವೆದಿದ್ದರಿಂದ. ಫಿನ್ನಿಶ್‌ನಲ್ಲಿ ಅದೇ ಪದದ ಈ ರೂಪಗಳು ಈಗಲೂ 'ಲಿನ್ನನ್', 'ಲಿನ್ನಾನ್' ಅಂತ ಬೇರೆಬೇರೆಯಾಗಿ ಕೇಳಿಸುತ್ತವೆ (ಅಲ್ಲಿ ಅರ್ಥ ಕೋಟೆ). ಎಸ್ಟೋನಿಯನ್‌ನಲ್ಲಿ ಕೊನೆಯ ಸದ್ದುಗಳು ಉದುರಿಹೋದವು. ಎರಡೂ ಒಂದೇ ಆಗಿಬಿಡಬೇಕಿತ್ತು, ಅಲ್ವಾ? ಆಗಲಿಲ್ಲ. ಬಾಲದಲ್ಲಿ ಹೋದ ಸಮಯ ತಲೆಗೆ ಬಂದು ಸೇರಿಕೊಂಡಿತು. ನನಗಂತೂ ಭಾಷೆಗಳ ಇತಿಹಾಸದಲ್ಲಿ ಇಷ್ಟು ಚೊಕ್ಕವಾದ ಉಳಿತಾಯ ಇನ್ನೊಂದು ಕಂಡಿಲ್ಲ.

ಬರಹ ಮಾತ್ರ ಇದನ್ನೆಲ್ಲ ಪೂರ್ತಿ ತೋರಿಸುವುದಿಲ್ಲ. ಪ, ತ, ಕ ಸದ್ದುಗಳಲ್ಲಿ ಮೂರು ಉದ್ದಕ್ಕೂ ಮೂರು ಕಾಗುಣಿತ ಉಂಟು: ಉದ್ದದಲ್ಲಷ್ಟೇ ಬೇರೆಯಾದ ಗೊರಸು, ಕಪಾಟಿನ, ಕಪಾಟಿನೊಳಕ್ಕೆ ಎಂಬ ಅರ್ಥದ ಮೂರು ಪದಗಳನ್ನೂ ಓದುವಾಗಲೇ ಗುರುತಿಸಬಹುದು. ಆದರೆ ಪಟ್ಟಣದ, ಪಟ್ಟಣಕ್ಕೆ ಎರಡಕ್ಕೂ ಒಂದೇ ಕಾಗುಣಿತ. ನಿಘಂಟಿನಲ್ಲಿ ಮಾತ್ರ ಮೂರನೇ ಉದ್ದದ ಮುಂದೆ ಒಂದು ಸಣ್ಣ ಗೆರೆ ಹಾಕಿರುತ್ತಾರೆ. ಉಳಿದ ಕಡೆ ವಾಕ್ಯ ನೋಡಿ ತಿಳಿದುಕೊಳ್ಳಬೇಕು. ಅಲ್ಲಿನ ಜನಕ್ಕೆ ಅದು ತೊಂದರೆಯೇ ಅಲ್ಲ, ಕಲಿಯಲು ಬಂದ ಹೊರಗಿನವರಿಗೆ ಕಷ್ಟ.

ಇನ್ನು ಗ್ರೀಕ್. ಅಲ್ಲಿ ಕಥೆ ತಲೆಕೆಳಗು. ಬಾಯಿ ಬಿಟ್ಟಿದ್ದನ್ನು ಬರಹ ಇನ್ನೂ ಹಿಡಿದುಕೊಂಡಿದೆ.

ಹಳೆಯ ಗ್ರೀಕ್‌ನಲ್ಲಿ ಹ್ರಸ್ವ-ದೀರ್ಘ ನಮ್ಮಷ್ಟೇ ಸ್ಪಷ್ಟವಾಗಿತ್ತು. ಹೋಮರನ ಸಾಲು ನಿಂತಿದ್ದೇ ಗುರು-ಲಘು ಲೆಕ್ಕದ ಮೇಲೆ. ಸಾಲಿಗೆ ಆರು ಗಣ. ಒಂದು ಗುರು, ಎರಡು ಲಘು ಸೇರಿ ಒಂದು ಗಣ. ಆ ಎರಡು ಲಘುವಿನ ಜಾಗಕ್ಕೆ ಒಂದು ಗುರು ಬರಬಹುದು. ಕೊನೆಯ ಗಣ ಮಾತ್ರ ಎರಡೇ ಅಕ್ಷರದ್ದು. ನಮ್ಮ ಕಂದಪದ್ಯದ ಗಣಗಳೂ ನಾಲ್ಕು ಮಾತ್ರೆಯವೇ, ಹಾಗಾಗಿ ಕನ್ನಡ ಛಂದಸ್ಸು ಓದಿದವರಿಗೆ ಈ ಲೆಕ್ಕ ಸುಲಭವಾಗಿ ಹತ್ತುತ್ತದೆ. ಅವರ ಲಿಪಿ ಎ-ಏ, ಒ-ಓ ಜೋಡಿಗಳಿಗೆ ಬೇರೆ ಅಕ್ಷರ ಇಟ್ಟುಕೊಂಡು, ಅ-ಆ, ಇ-ಈಗಳಿಗೆ ಒಂದೊಂದೇ ಅಕ್ಷರ ಬಳಸಿತು. ನಮ್ಮ ಹಳೆಯ ಶಾಸನಗಳಲ್ಲಿ ಇದು ಉಲ್ಟಾ: ಅ-ಆ ಬೇರೆ ಬೇರೆ, ಎ-ಏ ಸಾಮಾನ್ಯವಾಗಿ ಒಂದೇ.

ಆ ದೀರ್ಘ 'ಏ' ಹೇಗೆ ಕೇಳಿಸುತ್ತಿತ್ತು ಅನ್ನುವುದಕ್ಕೆ ಒಂದು ಕುರಿ ಸಾಕ್ಷಿ ಹೇಳುತ್ತದೆ. ಕ್ರಿ.ಪೂ. 5ನೇ ಶತಮಾನದ ಹಾಸ್ಯ ನಾಟಕಕಾರ ಕ್ರಾಟಿನಸ್‌ನ ಒಂದು ಸಾಲಿನಲ್ಲಿ ಪೆದ್ದನೊಬ್ಬ ಕುರಿಯ ಹಾಗೆ ಅರಚಿಕೊಂಡು ಹೋಗುತ್ತಾನೆ. ಆಗಿನ ಉಚ್ಚಾರದಲ್ಲಿ ಅದು 'ಬೇ ಬೇ'. ಅದೇ ಅಕ್ಷರಗಳನ್ನು ಇವತ್ತಿನ ಗ್ರೀಕರು ಓದಿದರೆ 'ವಿ ವಿ'. ಯಾವ ಕುರಿಯೂ ಹಾಗೆ ಕೂಗುವುದಿಲ್ಲ. ಬದಲಾಗಿದ್ದು ಮನುಷ್ಯರ ಬಾಯಿ.

ಈ ಬದಲಾವಣೆ ನಡೆದಿದ್ದನ್ನು ಈಜಿಪ್ಟಿನ ಕಸದ ಗುಡ್ಡೆಗಳಲ್ಲಿ ನೋಡಬಹುದು. ಅಲೆಕ್ಸಾಂಡರ್‌ನ ನಂತರ ಗ್ರೀಕ್ ದೂರದೂರಕ್ಕೆ ಹಬ್ಬಿತು. ಆಕ್ಸಿರಿಂಕಸ್‌ನಂಥ ಊರಿನ ಸಾಮಾನ್ಯ ಜನ ಪಪೈರಸ್ ಹಾಳೆಯಲ್ಲಿ ಪತ್ರ, ಲೆಕ್ಕ, ಅರ್ಜಿ ಬರೆದರು. ಕನ್ನಡ ಮಾತುಗಳಿವೆ ಎಂದು ಕೆಲವು ವಿದ್ವಾಂಸರು ವಾದಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನಲ್ಲಿ. ಆ ಪತ್ರಗಳಲ್ಲಿ ಕಾಗುಣಿತ ತಪ್ಪುಗಳು ರಾಶಿ ರಾಶಿ. 'ಒ' ಬರೆಯಬೇಕಾದಲ್ಲಿ 'ಓ', 'ಓ' ಜಾಗದಲ್ಲಿ 'ಒ'. ಕಿವಿಗೆ ಎರಡೂ ಒಂದೇ ಆದ ಮೇಲೆ ಕೈ ತಪ್ಪುವುದು ಸಹಜ. ಉಚ್ಚಾರದ ಇತಿಹಾಸ ಬರೆಯುವವರಿಗೆ ಈ ತಪ್ಪುಗಳೇ ಚಿನ್ನ. ಹಳೆಯ ಗ್ರೀಕ್‌ನಲ್ಲಿ ದನಿ ಏರಿಸಿ ಹೇಳುತ್ತಿದ್ದ ಅಕ್ಷರವನ್ನು ಆಮೇಲಾಮೇಲೆ ಒತ್ತಿ ಹೇಳಲು ಶುರುಮಾಡಿದರು. ಒತ್ತು ಬಿದ್ದ ಅಕ್ಷರ ತಾನಾಗಿ ತುಸು ಹಿಗ್ಗಿತು, ಉಳಿದವು ಕುಗ್ಗಿದವು. ಹೀಗೆ ಉದ್ದ ಒತ್ತಿನ ಹಿಂದೆ ಹೋಯಿತು, ಅರ್ಥ ಬೇರ್ಪಡಿಸುವ ಕೆಲಸ ಬಿಟ್ಟಿತು. ಇವತ್ತಿನ ಗ್ರೀಕ್‌ನಲ್ಲಿ ಸ್ವರ ಐದೇ. ಹ್ರಸ್ವ-ದೀರ್ಘದ ಭೇದವಿಲ್ಲ.

ದನಿಯ ಏರಿಳಿತ ತೋರಿಸಲು ಅಲೆಕ್ಸಾಂಡ್ರಿಯಾದ ವಿದ್ವಾಂಸರು ಹಾಕಿಕೊಟ್ಟ ಚಿಹ್ನೆಗಳನ್ನು ಗ್ರೀಸಿನ ಶಾಲೆಯ ಮಕ್ಕಳು 1982ರವರೆಗೂ ಬಾಯಿಪಾಠ ಮಾಡುತ್ತಲೇ ಇದ್ದರು. ಆ ವರ್ಷ ಸರ್ಕಾರ ಅವನ್ನೆಲ್ಲ ತೆಗೆದು ಒತ್ತಿಗೆ ಒಂದೇ ಗುರುತು ಉಳಿಸಿತು. ಅದು ಒಳ್ಳೆಯ ನಿರ್ಧಾರ ಅಂತಲೇ ನನ್ನ ಅನಿಸಿಕೆ. ಅಕ್ಷರಗಳನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ 'ಇ' ಎಂಬ ಒಂದೇ ಸದ್ದನ್ನು ಗ್ರೀಕ್‌ನಲ್ಲಿ ಆರು ಬಗೆಯಲ್ಲಿ ಬರೆಯಬಹುದು. ಶಾಂತಿಗೆ ಅವರು 'ಇರಿನಿ' ಅನ್ನುತ್ತಾರೆ. ಮೂರು ಅಕ್ಷರ, ಮೂರರಲ್ಲೂ ಇಕಾರ. ಹಳೆಯ ಅಥೆನ್ಸಿನಲ್ಲಿ ಅದು 'ಏರೇನೇ', ಮೂರೂ ದೀರ್ಘ, ಮೊದಲನೆಯ 'ಏ' ಉಳಿದೆರಡಕ್ಕಿಂತ ಬೇರೆ. ಈಗ ಮೂರೂ ಒಂದೇ ಥರ ಕೇಳಿಸುತ್ತವೆ. ಆದರೂ ಮೊದಲನೆಯದನ್ನು ಎರಡು ಅಕ್ಷರ ಕೂಡಿಸಿ, ಉಳಿದೆರಡನ್ನು ಈಟಾ (ಹಿಂದೆ ದೀರ್ಘ 'ಏ' ಆಗಿದ್ದ ಅಕ್ಷರ) ಹಾಕಿ ಬರೆಯಬೇಕು ಅಂತ ಅಲ್ಲಿನ ಮಕ್ಕಳು ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು.