ಇಷ್ಟು ದೊಡ್ಡ ಕಾಡಲ್ಲಿ ಹುಲಿ ಯಾಕಿಷ್ಟು ಕಮ್ಮಿ?

ಓದುಗರ ಪ್ರಶ್ನೆ: ನಾಗರಹೊಳೆ ಸಫಾರಿಗೆ ಹೋಗಿದ್ವಿ, ಜಿಂಕೆ ಎಣಿಸಿ ಎಣಿಸಿ ಸುಸ್ತಾಯ್ತು, ಹುಲಿದು ಬಾಲಾನೂ ಕಾಣ್ಲಿಲ್ಲ. ಅಷ್ಟೊಂದು ಊಟ ಎದುರಿಗೇ ಓಡಾಡ್ತಿರೋವಾಗ ಹುಲಿ ಯಾಕೆ ಅಷ್ಟು ಕಮ್ಮಿ ಸಾರ್?

ಮೊದ್ಲೇ ಹೇಳ್ಬಿಡ್ತೀನಿ, ನಾಗರಹೊಳೇಲಿ ಹುಲಿ ಕಮ್ಮಿ ಇಲ್ಲ. 2022ರ ಗಣತಿ ಪ್ರಕಾರ 141 ಇವೆ, ದೇಶದಲ್ಲೇ ಹುಲಿ ಒತ್ತೊತ್ತಾಗಿರೋ ಕಾಡುಗಳಲ್ಲಿ ಇದೂ ಒಂದು. ಆದ್ರೂ ಜಿಂಕೆ ಮುಂದೆ ಅದು ಏನೂ ಅಲ್ಲ ಅಂತ ಅನ್ಸೋದು ನಿಜ, ಯಾಕಂದ್ರೆ ಲೆಕ್ಕಾನೇ ಹಂಗಿದೆ.

ಲೆಕ್ಕ ಶುರುವಾಗೋದು ಬಿಸಿಲಿಂದ. ಎಲೆ ಮೇಲೆ ಬಿದ್ದ ಬಿಸಿಲಲ್ಲಿ ಸುಮಾರು ಶೇ 1ರಷ್ಟು ಮಾತ್ರ ಗಿಡದ ಆಹಾರ ಆಗುತ್ತೆ, ಅದ್ರಲ್ಲೂ ದೊಡ್ಡ ಪಾಲನ್ನ ಗಿಡ ತನ್ನ ಉಸಿರಾಟಕ್ಕೇ ಖರ್ಚು ಮಾಡ್ಕೊಳ್ಳುತ್ತೆ, ಉಳಿದಿದ್ದು ಎಲೆ, ಕಾಂಡ, ಬೇರಾಗಿ ಕೂರುತ್ತೆ. ಇದನ್ನೇ ಜೀವರಾಶಿ ಅನ್ನೋದು. ಮುಂದಿನ ಕಥೆ ಹಸು ಸಾಕಿದೋರಿಗೆ ಹೇಳಬೇಕಾಗಿಲ್ಲ, ಎಷ್ಟು ಹೊರೆ ಹುಲ್ಲು ಹಾಕಿದ್ರೂ ಒಂದಷ್ಟು ಸಗಣಿ ಆಗುತ್ತೆ, ಇನ್ನೊಂದಷ್ಟು ಮೈ ಬಿಸಿ ಇಟ್ಕೊಳ್ಳೋಕೆ, ಓಡಾಡೋಕೆ ಹೋಗುತ್ತೆ, ಮೈಗೆ ಹತ್ತೋದು ಚೂರೇ ಚೂರು. (ಸಗಣಿ ವೇಸ್ಟ್ ಅಲ್ಲ ಬಿಡಿ, ಸಗಣಿ ಹುಳಕ್ಕೆ ಅದೇ ಹಬ್ಬದೂಟ. ಬಿಸಿಯಾಗಿ ಹೋದದ್ದು ಮಾತ್ರ ಯಾರಿಗೂ ವಾಪಸ್ ಸಿಗಲ್ಲ.)

ಈ ಲೆಕ್ಕವನ್ನ ಮೊದಲು ಸರಿಯಾಗಿ ಹಾಕಿದ್ದು ಅಮೆರಿಕದ ವಿಜ್ಞಾನಿ ರೇಮಂಡ್ ಲಿಂಡೆಮನ್, ಮಿನೆಸೋಟದ ಒಂದು ಸಣ್ಣ ಕೆರೆ ಇಟ್ಕೊಂಡು. ಪೇಪರ್ 1942ರಲ್ಲಿ ಅಚ್ಚಾಯ್ತು, ಅಷ್ಟೊತ್ತಿಗೆ ಆತ ತೀರ್ಕೊಂಡಿದ್ದ, ವಯಸ್ಸು ಬರೀ 26. ಸ್ಕೂಲ್ ಪುಸ್ತಕದಲ್ಲಿ ಬರೋ ಶೇ 10ರ ನಿಯಮದ (ಒಂದು ಹಂತದ ಶಕ್ತೀಲಿ ಹತ್ತರಲ್ಲೊಂದು ಪಾಲು ಮಾತ್ರ ಮುಂದಿನ ಹಂತಕ್ಕೆ ಸಿಗುತ್ತೆ ಅನ್ನೋದು) ಮೂಲ ಅದೇ, ಆದ್ರೆ ಹತ್ತು ಅನ್ನೋದು ಅಂದಾಜು ಅಷ್ಟೇ, ಜಿಂಕೆ ಹುಲಿಯಂಥ ಬಿಸಿರಕ್ತದ ಪ್ರಾಣಿಗಳಲ್ಲಿ ಅದಕ್ಕಿಂತ ತುಂಬಾ ಕಮ್ಮಿ.

ಈಗ ಹುಲಿಗೆ ಬನ್ನಿ. ನಾಗರಹೊಳೇಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಹೇಳೋದು, ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಹೊಡೆಯುತ್ತೆ, ಹಂಗೆ ಹೊಡೆದ್ರೂ ಹಿಂಡು ಕರಗಬಾರದು ಅಂದ್ರೆ ಒಂದು ಹುಲಿಗೆ 500ರಷ್ಟು ಜಿಂಕೆ, ಕಡವೆ, ಕಾಟಿ ಎಲ್ಲಾ ಸೇರಿ ಇರಬೇಕು. ಒಂದೊಂದು 50 ಕೆಜಿ ಅಂತ ಹಿಡ್ಕೊಂಡ್ರೂ 25 ಟನ್ ಆಯ್ತು, ಅದ್ರ ಮೇಲೆ ಕೂತಿರೋದು 200 ಕೆಜಿ ಹುಲಿ. ಚಿರತೆ, ಸೀಳುನಾಯಿಗೂ ಪಾಲು ಇದ್ರಲ್ಲೇ.

ಹಂಗಾದ್ರೆ ಮರ ಜಾಸ್ತಿ ಇರೋ ಕಡೆ ಹುಲಿನೂ ಜಾಸ್ತಿ ಇರಬೇಕಲ್ವ? ಇಲ್ಲ, ಎಲ್ರೂ ಎಡವೋದು ಇಲ್ಲೇ. ಜೀವರಾಶಿ ಲೆಕ್ಕದಲ್ಲಿ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡು ಭಾರೀ ಸಾಹುಕಾರ, ಆದ್ರೆ ಆಸ್ತಿಯೆಲ್ಲ ಕಾಂಡದಲ್ಲಿ ಎಫ್‌ಡಿ ಇಟ್ಟಂಗೆ ಲಾಕ್ ಆಗಿರುತ್ತೆ, ಎಲೆ ಇರೋದು ನೂರಡಿ ಮೇಲೆ, ಕಟ್ಟಿಗೆ ತಿಂದು ಅರಗಿಸ್ಕೊಳ್ಳೋದು ಗೆದ್ದಲು, ಅಣಬೆ, ಜಿಂಕೆ ಅಲ್ಲ. ನಾಗರಹೊಳೆ ಹಡ್ಲುಗಳಲ್ಲಿರೋ (ಕಾಡಿನ ನಡುವಿನ ಜೌಗು ಬಯಲು) ಹುಲ್ಲನ್ನ ತೂಕಕ್ಕೆ ಹಾಕಿದ್ರೆ ಮರದ ಮುಂದೆ ಏನೂ ಅಲ್ಲ, ಆದ್ರೆ ಮೇಯ್ದಷ್ಟೂ ಚಿಗುರುತ್ತೆ, ಹಿಂಡು ಹಿಂಡು ಜಿಂಕೆ ಬದುಕಿರೋದು ಅದ್ರಿಂದಾನೇ.

ಬಂಡೀಪುರದ ಕಡೆ ರಸ್ತೆ ಪಕ್ಕ ಲಂಟಾನ ಪೊದೆ ದಟ್ಟವಾಗಿ ಹಬ್ಬಿರೋದು ನೋಡಿರ್ತೀರಿ, ಕಾಡು ಎಷ್ಟು ಹಸಿರಾಗಿದೆ ಅಂತ ಫೋಟೋನೂ ತೆಗ್ದಿರ್ತೀರಿ. ಅದೂ ಜೀವರಾಶಿನೇ, ಆದ್ರೆ ಅದ್ರಡಿ ಹುಲ್ಲು ಬೆಳೆಯಲ್ಲ, ಜಿಂಕೆ ಅದಕ್ಕೆ ಬಾಯಿ ಹಾಕಲ್ಲ. ಹುಲಿ ಲೆಕ್ಕದಲ್ಲಿ ಆ ಜಾಗ ಖಾಲಿ.